ಟವೆಲ್ಲಿನ ಕೆಳಗಿನ ಐದು ಬೆರಳು

ಒಂಬತ್ತು ಸಾವಿರ ರೂಪಾಯಿ. ಮುಖಪುಟದ ಮೂಲೆ ಹರಿದ, ಕೈಯಗಲದ ಒಂದು ಹಳೆಯ ಚಿತ್ರಕತೆ ಪುಸ್ತಕಕ್ಕೆ ನಾನು ಅಷ್ಟು ಕೊಟ್ಟೆ. ಆಗ ಪೇಟೆಯಲ್ಲಿ ಅದಕ್ಕೆ ನಾಲ್ಕು ಸಾವಿರದ ಮೇಲೆ ಕೇಳುವವರು ಯಾರೂ ಇರಲಿಲ್ಲ, ಅದು ನನಗೂ ಚೆನ್ನಾಗಿ ಗೊತ್ತಿತ್ತು. ಹಾಗಿದ್ದರೆ ಯಾಕೆ ಕೊಟ್ಟೆ ಎಂದರೆ, ಒಂದು ಕೈ ಕೇಳಿತು, ಕೊಟ್ಟೆ. ಅದು ಯಾರ ಕೈ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ದೆವ್ವ, ಗಾಳಿ ಎಂಬ ಮಾತುಗಳು ನನಗೆ ಮೊದಲಿನಿಂದಲೂ ಲಾಭದ ಮಾತುಗಳು. ಇಂಡಿಯಲ್ಲಿ ನಾನಿರುವ ಮನೆಯಲ್ಲಿ ಗಾಳಿ ಓಡಾಡುತ್ತದೆ ಎಂದು ಓಣಿಯವರು ಹೆದರಿಸಿದಾಗ ನೇರವಾಗಿ ಮಾಲೀಕರ ಬಳಿ ಹೋಗಿ, ಅದೇ ನೆಪ ಹೇಳಿ ಬಾಡಿಗೆ ಅರ್ಧಕ್ಕೆ ಇಳಿಸಿಕೊಂಡು ಬಂದವನು ನಾನು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬನೇ ಇದ್ದೇನೆ. ಇಷ್ಟು ವರ್ಷದಲ್ಲಿ ಒಂದು ದಿನ ಗಾಳಿಯೂ ಮಾತಾಡಿಸಿಲ್ಲ.

ನನ್ನ ಕಸುಬು ಹಳೆಯ ಚಿತ್ರಕತೆ ಪುಸ್ತಕಗಳದು. ರದ್ದಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಶುರು ಮಾಡಿದೆ. ಕಾಗದವೆಂದರೆ ನನಗೆ ಕಿಲೋ ಲೆಕ್ಕ. ಒಮ್ಮೆ ಪುಣೆಯ ಗಿರಾಕಿಯೊಬ್ಬರು ಗಂಟಿನೊಳಗಿಂದ ಒಂದೇ ಒಂದು ಪುಸ್ತಕ ಎಳೆದುಕೊಂಡು, ಇಡೀ ಗಂಟಿನ ದುಡ್ಡು ಕೊಟ್ಟು ಹೋದರು. ಆಗ ಕಣ್ಣು ತೆರೆಯಿತು. ಅಂದಿನಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರದ್ದಿ ಅಂಗಡಿ, ಅಟ್ಟ, ಮುಚ್ಚಿಹೋದ ವಾಚನಾಲಯ ಒಂದನ್ನೂ ಬಿಟ್ಟಿಲ್ಲ. ಸಿಕ್ಕಿದ್ದರ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ, ಕುರಿಯರ್‌ನಲ್ಲಿ ಕಳಿಸುತ್ತೇನೆ.

ಆ ಗುಂಪಿನಲ್ಲಿ ಇರುವುದು ಎರಡೇ ಕುಲ. ಕೂಡಿಡುವವರು, ಮಾರುವವರು. ಕೂಡಿಡುವವನು ಪುಸ್ತಕ ತೆರೆದು ಮೊದಲು ಮೂಸುತ್ತಾನೆ. ಮಾರುವವನು ಪಿನ್ನಿನ ತುಕ್ಕು ನೋಡುತ್ತಾನೆ. ಅವರು ನಮ್ಮನ್ನು ಲೂಟಿಕೋರರು ಅನ್ನುತ್ತಾರೆ, ನಾವು ಅವರನ್ನು ಹುಚ್ಚರು ಅನ್ನುತ್ತೇವೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ದಿನ ಹೋಗುವುದಿಲ್ಲ. ನನ್ನದೊಂದು ಕಟ್ಟುನಿಟ್ಟು ಇದೆ: ಮಾರುವ ಪುಸ್ತಕದ ಕತೆ ಓದುವುದಿಲ್ಲ. ಓದಿದರೆ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ವ್ಯಾಪಾರಿ ಇಟ್ಟುಕೊಳ್ಳಲು ಶುರು ಮಾಡಿದರೆ ಅಂಗಡಿ ಮುಚ್ಚಿದಂತೆಯೇ.

ಇನ್ನು ಟವೆಲ್ಲಿನ ವಿಷಯ. ದನದ ಸಂತೆ ಕಂಡವರಿಗೆ ಇದು ಗೊತ್ತಿರುತ್ತದೆ. ಸುತ್ತ ನಿಂತವರಿಗೆ ದರ ತಿಳಿಯಬಾರದೆಂದು ಮಾರುವವನೂ ಕೊಳ್ಳುವವನೂ ಕೈಗಳ ಮೇಲೆ ಟವೆಲ್ ಹಾಕಿಕೊಂಡು ಬೆರಳಿನಲ್ಲೇ ಮಾತಾಡುತ್ತಾರೆ. ನನ್ನ ಸೋದರಮಾವ ಎತ್ತಿನ ದಲ್ಲಾಳಿ. ಅವನು ಕಲಿಸಿದ ರೀತಿ ಹೀಗೆ. ನೂರೋ ಸಾವಿರವೋ ಎಂಬುದನ್ನು ಮೊದಲೇ ಬಾಯಿಂದ ಹೇಳಿಕೊಳ್ಳಬೇಕು. ಆಮೇಲೆ ಮಾರುವವನು ಎಷ್ಟು ಬೆರಳು ನಮ್ಮ ಅಂಗೈಗೆ ಕೊಡುತ್ತಾನೋ ಅಷ್ಟು ದರ; ಐದು ದಾಟಿದರೆ ಎರಡು ಸಲ ಕೊಟ್ಟು ಕೂಡಿಸುತ್ತಾನೆ. ಒಪ್ಪಿಗೆ ಇಲ್ಲದಿದ್ದರೆ ಅವನ ಬೆರಳು ಮಡಚಬೇಕು, ಒಪ್ಪಿಗೆ ಇದ್ದರೆ ಬಿಗಿಯಾಗಿ ಹಿಡಿಯಬೇಕು. ಹಿಡಿದ ಮೇಲೆ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಈ ಪದ್ಧತಿಯನ್ನು ನಾನು ರದ್ದಿ ಅಂಗಡಿಗೆ ತಂದೆ. ಯಾಕೆಂದರೆ ಅಲ್ಲಿ ಒಂದು ಪುಸ್ತಕದ ದರ ನಾಲ್ಕು ಜನರ ಕಿವಿಗೆ ಬಿದ್ದರೆ ಸಂಜೆಯೊಳಗೆ ಊರಿನ ರದ್ದಿಯೆಲ್ಲ ಬಂಗಾರವಾಗುತ್ತದೆ. ಮುದ್ದೇಬಿಹಾಳದ ಅಂಗಡಿಯವನೊಬ್ಬ ಈಗಲೂ ನನ್ನನ್ನು ಕಂಡರೆ, "ಬರ್ರಿ ಸಾವಕಾರ್ರ, ಪುಸ್ತಕದ ಹಲ್ಲ ನೋಡಿ ತಗೊಳ್ರಿ, ವಯಸ್ಸಾಗೈತಿ" ಎನ್ನುತ್ತಾನೆ.

ದೇವಣಗಾಂವದ ದಸ್ತಗೀರಸಾಬ ಮಾಸ್ತರು ಕೂಡಿಡುವ ಕುಲದವರು. ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಮದುವೆ ಮಾಡಿಕೊಂಡವರಲ್ಲ. ಬಲಗೈಯ ಉಂಗುರಬೆರಳು, ಕಿರುಬೆರಳು ಎರಡೂ ಚಿಕ್ಕಂದಿನಲ್ಲೇ ಮೇವು ಕತ್ತರಿಸುವ ಯಂತ್ರಕ್ಕೆ ಹೋಗಿದ್ದವು. ಉಳಿದ ಮೂರರಲ್ಲೇ ಊರಿನ ಅಂಗಡಿಗಳ ಬೋರ್ಡು ಬರೆದವರು ಅವರು. ಒಂದು ಕಬ್ಬಿಣದ ಟ್ರಂಕಿನಲ್ಲಿ, ಬೇವಿನೆಲೆಯ ನಡುವೆ, ತಾವು ಚಿಕ್ಕವರಿದ್ದಾಗಿನಿಂದ ಕೂಡಿಸಿದ ಪುಸ್ತಕಗಳಿದ್ದವು. ತಮ್ಮ ನಂತರ ಅವು ತೂಕಕ್ಕೆ ಹೋಗುವುದು ಖಾತ್ರಿ ಎಂದು ಮಾರಲು ಮನಸ್ಸು ಮಾಡಿದ್ದರು. ಆದರೆ ನಾನು ಹೋದಾಗಲೆಲ್ಲ ಕೊಡುತ್ತಿದ್ದದ್ದು ಒಂದೇ ಪುಸ್ತಕ.

"ಎಲ್ಲಾ ಒಮ್ಮಿಗೇ ಕೊಡ್ರಿ ಮಾಸ್ತರ್ರ, ನನ್ನ ಬಸ್ ಚಾರ್ಜಾರ ಉಳಿತೈತಿ" ಎಂದು ಒಮ್ಮೆ ಕೇಳಿದೆ.

"ಬಸ್ ಚಾರ್ಜ್ ನಾ ಕೊಡ್ತೇನಿ. ನೀ ಒಂದೊಂದ ಒಯ್ಯಿ" ಎಂದರು.

ಅದರ ಅರ್ಥ ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ನಾನು ಹೋದ ದಿನ ಅವರು ಅಂಗಿ ಬದಲಿಸಿರುತ್ತಿದ್ದರು. ಚಹಾ ಎರಡು ಸಲ ಆಗುತ್ತಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದರೂ ಟವೆಲ್ ಬೇಕೇ ಬೇಕು. "ಬಾಯಿಲೆ ಹೇಳಿದರ ಎರಡ ಮಿನಿಟಿಗೆ ಮುಗಿದು ಹೊಕ್ಕೈತಿ, ಅದರಾಗೇನ ಮಜಾ?" ಎನ್ನುತ್ತಿದ್ದರು. ಐದು ಎನ್ನಬೇಕಾದರೆ ಮೊದಲು ಮೂರು ಬೆರಳು, ತೆಗೆದು ಮತ್ತೆ ಎರಡು. "ನನ್ನ ಕೈಯಾಗ ತುಟ್ಟಿ ದರ ಹೇಳಾಕ ಬರೂದಿಲ್ಲ, ಅದಕ್ಕ ನಿನಗ ಬಾಳ ಅನುಕೂಲ" ಎಂದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಆ ಮನೆಯಿಂದ ಬೇಗ ಏಳುವ ಅವಸರ ಇರುತ್ತಿರಲಿಲ್ಲ. ಇಂಡಿಗೆ ಹಿಂತಿರುಗಿದರೆ ಕೀಲಿ ತೆಗೆಯುವವನೂ ನಾನೇ, ದೀಪ ಹಚ್ಚುವವನೂ ನಾನೇ.

ಇಂಥ ಅನುಭವಗಳೆಲ್ಲ ರಾತ್ರಿಯೇ ಆಗುತ್ತವೆ ಎಂದು ಕೇಳಿದ್ದೆ. ನನಗೆ ಆದದ್ದು ಮಟಮಟ ಮಧ್ಯಾಹ್ನ, ಬೇಸಿಗೆಯಲ್ಲಿ, ಕರೆಂಟ್ ಹೋಗಿ ಫ್ಯಾನ್ ನಿಂತಿದ್ದಾಗ. ಪಡಸಾಲೆಯ ಬಾಗಿಲು ತೆರೆದೇ ಇತ್ತು. ಹೊರಗೆ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಟ್ರಂಕಿನಲ್ಲಿ ಉಳಿದದ್ದು ಒಂದೇ ಪುಸ್ತಕ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯೇ ದರ ಏರುತ್ತದೆ. ನಡುಹಾಳೆಯಲ್ಲಿ ಮಕ್ಕಳು ಕತ್ತರಿಸಿ ಮುಖಕ್ಕೆ ಕಟ್ಟಿಕೊಳ್ಳುವ ಒಂದು ಹುಲಿಯ ಮುಖವಾಡ ಅದರಲ್ಲಿತ್ತು. ಎಲ್ಲ ಮಕ್ಕಳೂ ಕತ್ತರಿಸಿದರು, ಆದ್ದರಿಂದ ಕತ್ತರಿಸದ ಪ್ರತಿ ಸಿಗುವುದಿಲ್ಲ. ಮಾಸ್ತರ ಪ್ರತಿಯಲ್ಲಿ ಮುಖವಾಡ ಹಾಗೆಯೇ ಇತ್ತು. ಪುಣೆಯ ಗಿರಾಕಿ ಇದಕ್ಕಾಗಿ ಎಷ್ಟೋ ದಿನದಿಂದ ಬೆನ್ನು ಬಿದ್ದಿದ್ದರು.

"ಟ್ರಂಕ್ ಖಾಲಿ ಆತು. ಇನ್ನ ನೀ ಈ ಕಡಿ ಬರೂದಿಲ್ಲ" ಎಂದರು ಮಾಸ್ತರು.

"ಯಾಕ ಬರೂದಿಲ್ರಿ?"

"ನೀ ವ್ಯಾಪಾರಿ ಅದಿ. ಖಾಲಿ ಮನ್ಯಾಗ ನಿನಗೇನ ಕೆಲಸ?"

ನಾನು ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದೆ. "ಸಾವಿರದಾಗ" ಎಂದೆ. ಅವರು ತಲೆಯಾಡಿಸಿದರು. ಅವರ ಎಡಗೈಯಲ್ಲಿ ಚಹಾದ ಗ್ಲಾಸಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆಮೇಲೆ ನಾನೂ ಮೊದಲು ಯೋಚಿಸಿದ್ದು ಅದನ್ನೇ.

ನನ್ನ ಅಂಗೈಗೆ ಐದು ಬೆರಳು ಬಂದವು. ಒಂದೇ ಸಲಕ್ಕೆ, ತುಂಬಿದ ಕೈ. ಮಾಸ್ತರ ಕೈ ಒಣಗಿದ ಕೈ, ಮುಟ್ಟಿದರೆ ಚೂರು ತಣ್ಣಗೆ. ಇದು ಬೆಚ್ಚಗಿತ್ತು, ಈಗಷ್ಟೇ ತೊಳೆದು ಸರಿಯಾಗಿ ಒರೆಸದ ಹಾಗೆ ಸ್ವಲ್ಪ ಹಸಿಯಾಗಿತ್ತು. ಕಿರುಬೆರಳಿನ ಉಗುರು ನನ್ನ ಅಂಗೈಗೆ ಒತ್ತಿತು. ಐದು ಹೋಗಿ ನಾಲ್ಕು ಬಂದವು. ಒಂಬತ್ತು. ನಾನು ಮಾಸ್ತರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ತೆರೆದ ಟ್ರಂಕಿನೊಳಗೆ ನೋಡುತ್ತ ಚಹಾ ಗುಟುಕರಿಸುತ್ತಿದ್ದರು.

ಬೆರಳು ಮಡಚಬೇಕಿತ್ತು. ನನ್ನ ಇಡೀ ಬದುಕಿನಲ್ಲಿ ಮೊದಲ ದರಕ್ಕೆ ಒಪ್ಪಿದವನಲ್ಲ ನಾನು. ಆದರೆ ಆ ಕೈ ಹಿಂದಕ್ಕೆ ಹೋಗದೆ ನನ್ನ ಕೈಯಲ್ಲೇ ಉಳಿಯಿತು. ದರ ಹೇಳುವ ಕೈ ಹಾಗೆ ಉಳಿಯುವುದಿಲ್ಲ. ಯಾರೋ ಪಕ್ಕದಲ್ಲಿ ಕೂತು, ಮಾತು ಬೇಡವೆಂದು ಕೈ ಹಿಡಿದ ಹಾಗಿತ್ತು. ನನ್ನ ಕೈಯನ್ನು ಯಾರಾದರೂ ಹಾಗೆ ಹಿಡಿದು ಬಹಳ ಕಾಲವಾಗಿತ್ತು. ಹೆದರಿಕೆ ಬಂದದ್ದು ಆಮೇಲೆ. ಆಗ ಮಾತ್ರ, ಮಡಚಿದರೆ ಇದು ಹೋಗಿಬಿಡುತ್ತದೆ ಎಂದಷ್ಟೇ ಅನಿಸಿತು. ಬಿಗಿಯಾಗಿ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ ಹೇಳಲಾರೆ.

"ಏನಪಾ, ಮೂರಕ್ಕ ಒಪ್ಪೇ ಬಿಟ್ಟಿ?" ಎಂಬ ಮಾಸ್ತರ ದನಿ ಕೇಳಿ ಟವೆಲ್ ಎಳೆದೆ. "ಎರಡಕ್ಕ ಇಳಸಾಕ ಹೆಣಗಾಡ್ತಿ ಅಂತ ತಿಳದಿದ್ದೆ."

"ಮೂರಲ್ರಿ, ಒಂಬತ್ತ ಕೇಳಿದ್ರಿ."

"ನಿನಗ ಬಿಸಲ ಬಡದೈತಿ."

"ನಿಮ್ಮ ಕೈ ತೋರಸ್ರಿ ಮಾಸ್ತರ್ರ."

"ಯಾಕ, ಬೆರಳ ಚಿಗತಾವೇನ ನೋಡ್ತಿ?" ಎಂದು ನಗುತ್ತ ಕೈ ಮುಂದೆ ಮಾಡಿದರು. ಮೂರು ಬೆರಳು. ಒಣಗಿದ ಅಂಗೈ.

ನಾನು ಒಂಬತ್ತು ಸಾವಿರ ತೆಗೆದು ಇಟ್ಟೆ. ಬಸ್ ಚಾರ್ಜ್ ಬಿಟ್ಟರೆ ಜೇಬಿನಲ್ಲಿ ಇದ್ದದ್ದೆಲ್ಲ ಅಷ್ಟೇ. ಅವರ ನಗು ನಿಂತಿತು. ಮೂರು ಸಾವಿರವನ್ನಷ್ಟೇ ಎತ್ತಿಕೊಂಡರು. "ನಾ ಕೇಳಿದ್ದು ಇಷ್ಟ. ಉಳದದ್ದು ಯಾರ ಕೇಳಿದರೋ ಅವರಿಗಿ ಕೊಡು" ಎಂದರು. ಯಾರಿಗೆ ಕೊಡುವುದು? ಆದರೆ ಹಿಡಿದ ಮೇಲೆ ತಿರುಗಿಸುವಂತಿಲ್ಲ. ಉಳಿದದ್ದನ್ನು ಖಾಲಿ ಟ್ರಂಕಿನಲ್ಲಿ, ಬೇವಿನೆಲೆಯ ಮೇಲೆ ಇಟ್ಟೆ. ಅವರು ಬೇಡವೆನ್ನಲಿಲ್ಲ.

ವ್ಯಾಪಾರಿಯ ತಲೆಯಿಂದ ಎಲ್ಲ ರೀತಿ ಯೋಚಿಸಿ ನೋಡಿದ್ದೇನೆ. ಮೂರು ಬೆರಳನ್ನು ಮೂರು ಸಲ ಕೊಟ್ಟಿದ್ದರೆ ಒಂಬತ್ತಾಗುತ್ತದೆ; ಆದರೆ ಬಂದದ್ದು ಐದು ಮತ್ತು ನಾಲ್ಕು. ಎಡಗೈ ಕೊಟ್ಟರು ಎನ್ನಲು ಅದರಲ್ಲಿ ಗ್ಲಾಸಿತ್ತು. ಬಿಸಿಲು ಎನ್ನಬಹುದು. ಸಿಂದಗಿ ಬಸ್ ನಿಲ್ದಾಣದ ನಳದಲ್ಲಿ ಕೈ ತೊಳೆಯುವಾಗಲೂ ಅಂಗೈಯಲ್ಲಿ ಉಗುರಿನ ಗೆರೆ ಇತ್ತು. ಅದು ನನ್ನದೇ ಉಗುರಿನದಿರಲೂಬಹುದು. ಯಾವುದೂ ಪೂರ್ತಿ ಹೊಂದುವುದಿಲ್ಲ.

ಪುಸ್ತಕವನ್ನು ಪುಣೆಯವರಿಗೆ ನಾಲ್ಕಕ್ಕೆ ಕೊಟ್ಟೆ. ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದೆನೆಂದು ಅವರು ಗುಂಪಿನಲ್ಲಿ ಹಾಕಿಕೊಂಡರು. ಇರಲಿ. ದೇವಣಗಾಂವಕ್ಕೆ ನಾನು ಈಗಲೂ ಹೋಗುತ್ತೇನೆ. ಕೊಳ್ಳಲು ಏನೂ ಇಲ್ಲ. ಮಾಸ್ತರು ಚಹಾದ ಗ್ಲಾಸನ್ನೋ, ಹೋದ ವರ್ಷದ ಕ್ಯಾಲೆಂಡರನ್ನೋ ನಡುವೆ ಇಟ್ಟು, "ಹಾಕಪಾ ಟವೆಲ್" ಎನ್ನುತ್ತಾರೆ. ಗಂಟೆಗಟ್ಟಲೆ ಹೆಣಗಾಡುತ್ತೇವೆ. ಪ್ರತಿ ಸಲ ಮೂರೇ ಬೆರಳು. ಮಾಸ್ತರಿಗಾಗಿ ಹೋಗುತ್ತೇನೆ ಎಂದರೆ ಅರ್ಧ ಸುಳ್ಳು. ಆ ಇನ್ನೊಂದು ಕೈ ಮತ್ತೊಮ್ಮೆ ಬಂದೀತೆಂದೂ ಹೋಗುತ್ತೇನೆ. ಬಂದಿಲ್ಲ.

ಈ ವ್ಯಾಪಾರಕ್ಕೆ ಇಳಿಯುವವರಿಗೆ ಇಷ್ಟು ಹೇಳಬಲ್ಲೆ. ಮುಖಪುಟದ ಫೋಟೊ ನಂಬಬೇಡಿ, ನಡುಹಾಳೆಯ ಫೋಟೊ ಕೇಳಿ. ಪಿನ್ನು ಹೊಳೆಯುತ್ತಿದ್ದರೆ ಯಾರೋ ಬದಲಿಸಿದ್ದಾರೆ ಎಂದು ತಿಳಿಯಿರಿ. ಹಿಂದಿನವರು ಬರೆದ ಹೆಸರನ್ನು ಉಜ್ಜಿ ಅಳಿಸಲು ಹೋಗಬೇಡಿ, ಕಾಗದ ಹೋಗುತ್ತದೆ, ಹೆಸರು ಉಳಿಯುತ್ತದೆ. ಒಬ್ಬರೇ ಇರುವವರ ಮನೆಗೆ ಖರೀದಿಗೆ ಹೋದರೆ ಟ್ರಂಕ್ ಸಮೇತ ದರ ಮಾತಾಡಬೇಡಿ. ಒಟ್ಟಿಗೆ ಕೊಂಡರೆ ಅಗ್ಗ ಬೀಳುತ್ತದೆ, ನನಗೂ ಗೊತ್ತು. ಆದರೂ ಒಂದೊಂದೇ ಕೊಳ್ಳಿ. ಬಸ್ ಚಾರ್ಜನ್ನು ದರದಲ್ಲಿ ಸೇರಿಸಿಕೊಂಡರಾಯಿತು.