ಸೌಕಾರ್‌ಪೇಟೆಯ ಮುದುಕಿಗೆ ನೀರು ಕೊಟ್ಟದ್ದು

ದೆವ್ವ, ಗಾಳಿ, ಹಿಂದಿನ ಜನ್ಮ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ನಮ್ಮ ಓಣಿಯಲ್ಲಿ ಮೈಮೇಲೆ ದೇವರು ಬರುತ್ತದೆ ಎಂದು ಕೂಗಾಡುತ್ತಿದ್ದ ಹೆಂಗಸೊಬ್ಬಳನ್ನು, 'ನಿನಗೆ ಮನೆಯಲ್ಲಿ ಕೆಲಸ ಇಲ್ಲೇನು' ಎಂದು ಎಲ್ಲರ ಎದುರಿಗೇ ಕೇಳಿದ್ದೆ. ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ. ನಾನು ಓದಿದ್ದು ಮೂರನೇ ಇಯತ್ತೆ. ನನಗೇ ಸುಳ್ಳು ಎಂದು ಗೊತ್ತಾಗುವುದನ್ನು ಓದಿದವರು ಹೇಗೆ ನಂಬುತ್ತಾರೋ ಎಂದು ನಗುತ್ತಿದ್ದೆ. ಅಂಥ ನನಗೆ ಒಂದು ಮಧ್ಯಾಹ್ನ ಮದ್ರಾಸಿನಲ್ಲಿ ಆದದ್ದನ್ನು ಇಲ್ಲಿ ಹೇಳುತ್ತೇನೆ. ನಂಬಿ ಎಂದು ಯಾರಿಗೂ ಹೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮಗಳು ಗಿರಿಜಾಳನ್ನು ಮದ್ರಾಸಿನ ವೆಸ್ಟ್ ಮಾಂಬಲಂಗೆ ಕೊಟ್ಟಿದ್ದೆವು. ಅಳಿಯನ ಮನೆಯವರು ನಮ್ಮವರೇ, ಲಿಂಗವಂತರು. ಅಜ್ಜನ ಕಾಲದಲ್ಲಿ ಜವಳಿ ವ್ಯಾಪಾರಕ್ಕೆ ಹೋಗಿ ಅಲ್ಲೇ ಉಳಿದವರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಗಿರಿಜಾ ಪ್ರಯಾಣ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ರಾಣೆಬೆನ್ನೂರಿನಿಂದ ನಾನೇ ಗಂಟು ಕಟ್ಟಿಕೊಂಡು ಹೋದೆ. ಅದಕ್ಕೆ ಮೊದಲು ನಾನು ಮದ್ರಾಸಿನಲ್ಲಿ ಕಾಲಿಟ್ಟವಳಲ್ಲ. ಮದುವೆಯೂ ನಮ್ಮ ಊರಿನಲ್ಲೇ ಆಗಿತ್ತು.

ನಾನು ಬಂದದ್ದು ಬೀಗತಿ ಶಾಂತಮ್ಮನಿಗೆ ಹಿಡಿಸಲಿಲ್ಲ. 'ತವರಿನವರ ಬಾಣಂತನ ನಮ್ಮ ಅಡುಗೆಮನೆಯಲ್ಲಿ ನಡೀತಾ ಇದೆ' ಎಂದು ಬಂದು ಹೋದವರಿಗೆಲ್ಲ ನಗುತ್ತಾ ಹೇಳುವಳು. ನಾನೂ ಸುಮ್ಮನಿರುವವಳಲ್ಲ. ಅವಳು ಲಿಂಗವನ್ನು ಕೊರಳಲ್ಲಿ ಕಟ್ಟುತ್ತಿರಲಿಲ್ಲ, ದೇವರ ಗೂಡಿನಲ್ಲಿ ಇಟ್ಟಿರುತ್ತಿದ್ದಳು. ಬಸ್ಸು, ರೈಲು, ಕಂಡವರ ಮೈಕೈ ತಾಕುತ್ತದೆ ಎಂಬುದು ಅವಳ ನೆಪ. 'ಮನಿಯಾಗ ಬಿಟ್ಟು ಹೋಗಾಕ ಅದೇನು ಛತ್ರಿ ಏನ್ರಿ?' ಎಂದು ಒಮ್ಮೆ ಕೇಳಿಬಿಟ್ಟೆ. ಅಂದಿನಿಂದ ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆವು.

ಒಂದು ಮಾತು ಇಲ್ಲಿ ಹೇಳಬೇಕು. ಆಸ್ತಿ, ಅಂತಸ್ತು, ಮಾತಿನ ನಾಜೂಕು ಎಲ್ಲದರಲ್ಲೂ ಅವರು ನಮಗಿಂತ ಮೇಲೆ. ನನ್ನ ಹತ್ತಿರ ಇದ್ದದ್ದು ನನ್ನ ಹೆಸರೊಂದೇ. ನನ್ನ ಮೇಲೆ ಬೆರಳು ತೋರಿಸಲು ಬೀಗತಿಗೆ ಏನೂ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ನನ್ನ ಮಗಳು ಆ ಮನೆಯಲ್ಲಿ ಜೀವನಪರ್ಯಂತ ತಲೆ ತಗ್ಗಿಸಿ ಬಾಳಬೇಕಾಗುತ್ತಿತ್ತು.

ಗಂಡು ಕೂಸು ಹುಟ್ಟಿತು. ಕೂಸಿಗೆ ಲಿಂಗ ಕಟ್ಟುವ ಶಾಸ್ತ್ರಕ್ಕೆ ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ತವರಿನವರು ಕೊಡುವುದು ನಮ್ಮಲ್ಲಿ ಪದ್ಧತಿ. ನಾನು ಊರಿನಿಂದ ಒಯ್ದಿದ್ದೆ. ಬೀಗತಿ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, 'ಏನು ಬೀಗತೇರೇ, ಇದು ರೊಂಬ ಹಗುರ, ಫ್ಯಾನ್ ಹಾಕಿದ್ರೆ ಹಾರಿಹೋಗತ್ತೆ' ಅಂದಳು. ನಾನು ತಂದದ್ದನ್ನು ಕೊಟ್ಟು ದಪ್ಪದ್ದು ತರಲು ಸೌಕಾರ್‌ಪೇಟೆಗೆ ಹೊರಟಳು. ಅವಳೊಬ್ಬಳೇ ಹೋಗಿ ತಂದರೆ ನಾಳೆ ಅದು ಅವಳ ಉಡುಗೊರೆ ಆಗುತ್ತದೆ ಎಂದು ನಾನೂ ಬೆನ್ನು ಹತ್ತಿದೆ.

ಮಾಂಬಲಂನಿಂದ ರೈಲು, ಆಮೇಲೆ ಆಟೋ. ಸೌಕಾರ್‌ಪೇಟೆ ಎಂಬುದು ಎಲ್ಲಿಂದಲೋ ಬಂದವರೇ ತುಂಬಿಕೊಂಡ ಜಾಗ. ಮಾರವಾಡಿಗಳು, ಗುಜರಾತಿಗಳು, ತೆಲುಗು ಸೆಟ್ಟರು, ಒಡವೆ ಕೆಲಸಕ್ಕೆ ಬಂದ ಬಂಗಾಲಿಗಳು. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಭಾಷೆ ಬದಲಾಗುತ್ತದೆ. ಬೀದಿ ನಮ್ಮ ಮನೆಯ ಪಡಸಾಲೆಯಷ್ಟೂ ಅಗಲವಿಲ್ಲ. ಅದರಲ್ಲೇ ಕೈಗಾಡಿ, ಸ್ಕೂಟರು, ದನ, ತುಪ್ಪದ ವಾಸನೆ, ಚರಂಡಿಯ ವಾಸನೆ. ಯಾರೂ ಯಾರಿಗೂ ದಾರಿ ಬಿಡುವುದಿಲ್ಲ. ನನಗೆ ಊರು ಹಿಡಿಸಲಿಲ್ಲ, ಊರಿಗೆ ನಾನೂ ಹಿಡಿಸಲಿಲ್ಲ.

ಬೆಳ್ಳಿ ಅಂಗಡಿಯಾತ ಬೀಗತಿಗೆ ನಗುತ್ತಾ ನಮಸ್ಕಾರ ಮಾಡಿದವನು ನನ್ನನ್ನು ಕಂಡೊಡನೆ ಮುಖ ಬಿಗಿದುಕೊಂಡ. ತಮಿಳಿನಲ್ಲಿ ಏನೋ ಕೇಳಿದ. 'ಇವರನ್ನ ಈ ಕಡೆ ನೋಡಿದ್ದೀನಿ ಅಂತಾರಲ್ಲ' ಎಂದು ಬೀಗತಿ ನನಗೆ ಹೇಳಿದಳು. ನಾನು ನಕ್ಕೆ. ಹೊಸ ಕರಡಿಗೆಯ ಕೊಂಡಿಯನ್ನು ಬೆಸೆಯಬೇಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂದ. ನಾವು ಹೊರಗೆ ಬಂದು ನಡೆಯುತ್ತಾ ಹೋದೆವು.

ಒಂದು ತಿರುವಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ನನ್ನನ್ನು ನೋಡಿ ಪಕ್ಕಕ್ಕೆ ಉಗುಳಿದಳು. ಎಲೆ ಅಡಿಕೆ ಇರಬೇಕು ಅಂದುಕೊಂಡೆ. ಮುಂದೆ ಬಳೆ ಅಂಗಡಿಯ ತೆಲುಗಿನವಳು ತನ್ನ ಪಕ್ಕದವಳನ್ನು ತಿವಿದು ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು. ಕೈಗಾಡಿಯವನೊಬ್ಬ ಗಾಡಿ ನಿಲ್ಲಿಸಿ ನನ್ನ ಮುಖಕ್ಕೇ ಏನೋ ಬೈದ. ಬೀಗತಿಯ ನಡಿಗೆ ನಿಧಾನವಾಯಿತು. 'ಏನಂತಾನ್ರಿ ಆತ?' ಎಂದು ಕೇಳಿದೆ. 'ನಾಚಿಕೆ ಇಲ್ವಾ ಅಂತ ಕೇಳ್ತಾನೆ' ಅಂದಳು. ನನ್ನಿಂದ ಸ್ವಲ್ಪ ದೂರ ಸರಿದು ನಿಂತಳು.

ಆಗ ಪಕ್ಕದ ಮನೆಯ ಮಹಡಿಯಿಂದ ಕನ್ನಡದಲ್ಲಿ ಕೂಗು ಕೇಳಿಸಿತು. 'ಏ! ನಿಂದ್ರು ಅಲ್ಲೇ!'

ತಲೆಯ ಮೇಲೆ ಸೆರಗು ಹೊದ್ದ ಮಾರವಾಡಿ ಹೆಂಗಸು ಧಡಧಡನೆ ಇಳಿದು ಬಂದು ನನ್ನ ರಟ್ಟೆ ಹಿಡಿದಳು. ಕಮಲಾಬಾಯಿ ಅಂತ, ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದು ಅಲ್ಲಿಗೆ ಮದುವೆಯಾಗಿ ಬಂದವಳಂತೆ. 'ಹಾಲು ತರ್ತೀನಿ ಅಂತ ಹೋದಾಕಿ ಈಗ ಬಂದಿಯೇನ? ಮುದುಕಿ ಸತ್ತಾಳೋ ಇಲ್ಲೋ ನೋಡಾಕ ಬಂದಿ?'

'ಯಾವ ಮುದುಕಿ? ನಾ ಈ ಊರು ಕಂಡಿದ್ದೇ ಈಗ. ಕೈ ಬಿಡು' ಅಂದೆ.

'ಮಾತು ಕೇಳ್ರಿ ಈಕೀದು! ದನಿ ಬದಲಾಗೇತೇನು ನಿಂದು? ಎರಡು ವರ್ಷ ನಮ್ಮ ಮ್ಯಾಲಿನ ಖೋಲಿಯಾಗ ಇದ್ದಾಕಿ ನೀ ಅಲ್ಲಾ?'

ಜನ ಸೇರಿತು. ಯಾರಿಗೂ ಅನುಮಾನವಿರಲಿಲ್ಲ. ಒಂದೊಂದು ಭಾಷೆಯಲ್ಲಿ ಒಬ್ಬೊಬ್ಬರು ಬೈಯುತ್ತಿದ್ದರು. ನನಗೆ ಒಂದೂ ತಿಳಿಯದಿದ್ದರೂ ಅದು ನನಗೇ ಎಂಬುದು ತಿಳಿಯುತ್ತಿತ್ತು. ಕಮಲಾಬಾಯಿ ಬೀಗತಿಗೆ ಹೇಳಿದ್ದರಿಂದ ವಿಷಯ ಗೊತ್ತಾಯಿತು. ನಮ್ಮ ಕಡೆಯ ಒಬ್ಬ ಹೆಂಗಸು, ವಿಧವೆ, ಅತ್ತೆಯನ್ನು ಕರೆದುಕೊಂಡು ಬಂದು ಅಲ್ಲಿ ಬಾಡಿಗೆಗೆ ಇದ್ದಳಂತೆ. ಹಪ್ಪಳ ಲಟ್ಟಿಸುವ ಕೆಲಸ ಮಾಡುತ್ತಿದ್ದಳಂತೆ. ದೀಪಾವಳಿಯ ಹಿಂದಿನ ದಿನ ಹಾಲಿಗೆ ಹೋದವಳು ತಿರುಗಿ ಬರಲಿಲ್ಲ. ಮುದುಕಿಗೆ ಕಣ್ಣಿಲ್ಲ. ಮೇಲಾಗಿ ಬಲು ಮಡಿ, ಲಿಂಗ ಕಟ್ಟಿದವರ ಕೈಯಿಂದಲ್ಲದೆ ನೀರು ಮುಟ್ಟುವುದಿಲ್ಲ. ಇಷ್ಟು ದಿನ ತೆವಳಿ ಹೋಗಿ ತಾನೇ ನೀರು ತೆಗೆದುಕೊಳ್ಳುತ್ತಿದ್ದಳು, ಕಮಲಾಬಾಯಿಯ ಮನೆಯವರು ಕೊಟ್ಟ ಹಣ್ಣು ತಿನ್ನುತ್ತಿದ್ದಳು. ನಿನ್ನೆಯಿಂದ ಏಳಲಾಗದೆ ಮಲಗಿದ್ದಾಳೆ. ಇವರು ನೀರು ಹಿಡಿದರೆ ಬಾಯಿ ಬಿಗಿದುಕೊಳ್ಳುತ್ತಾಳೆ.

ಬೀಗತಿ ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಅದರಲ್ಲಿ ಸಿಟ್ಟು ಇರಲಿಲ್ಲ. ನಾನು ಯಾರು ಎಂದು ಲೆಕ್ಕ ಹಾಕುತ್ತಿದ್ದಳು. 'ಪೊಲೀಸ್ ಗಿಲೀಸ್ ಅಂತ ಆದ್ರೆ ನಮ್ಮ ಮಾನ ಏನಾಗ್ಬೇಕು? ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ' ಅಂದಳು.

'ಹೇಳಾಕ ಏನೈತ್ರಿ? ನಡೀರಿ ಮ್ಯಾಲ. ಈಕಿ ಅಲ್ಲ ಅಂತ ಆ ಮುದುಕೀನ ಬಾಯಿ ಬಿಟ್ಟು ಹೇಳಲಿ' ಎಂದು ನಾನೇ ಮುಂದಾದೆ. ಸ್ವಂತ ಅತ್ತೆಗೆ ಸೊಸೆಯ ಗುರುತು ತಪ್ಪುವುದಿಲ್ಲ ಎಂಬುದು ನನ್ನ ಧೈರ್ಯ.

ಮೆಟ್ಟಿಲು ಹಗಲಿನಲ್ಲೂ ಕತ್ತಲು. ಕಮಲಾಬಾಯಿ ಮುಂದೆ, ನಾನು ನಡುವೆ, ಬೀಗತಿ ಹಿಂದೆ. ಅರ್ಧ ಹತ್ತುವಷ್ಟರಲ್ಲಿ ಹಿಂದಿನಿಂದ 'ಅಯ್ಯೋ' ಎಂದು ಬೀಗತಿ ಮುಗ್ಗರಿಸಿ ಮೊಣಕಾಲೂರಿದಳು. ಅಲ್ಲಿ ಒಂದು ಮೆಟ್ಟಿಲೇ ಇರಲಿಲ್ಲ, ಮುರಿದು ಹೋಗಿತ್ತು. ಕಮಲಾಬಾಯಿ ತಿರುಗಿ ನಿಂತಳು.

'ಹೊಸಬರೆಲ್ಲ ಇಲ್ಲೇ ಬೀಳ್ತಾರ. ನೀ ಯಾಕ ಬೀಳಲಿಲ್ಲ?'

ನಾನು ಯಾಕೆ ಬೀಳಲಿಲ್ಲ? ನನ್ನ ಕಾಲು ಆ ಜಾಗವನ್ನು ದಾಟಿಕೊಂಡು ಬಂದಿತ್ತು. ದಾಟಿದ್ದು ನನಗೆ ಗೊತ್ತೇ ಆಗಿರಲಿಲ್ಲ. 'ನಿನ್ನ ಕಾಲು ನೋಡಿಕೊಂಡು ಬಂದೆ' ಎಂದು ಸುಳ್ಳು ಹೇಳಿದೆ. ಆ ಕತ್ತಲೆಯಲ್ಲಿ ಯಾರ ಕಾಲೂ ಕಾಣುವ ಹಾಗಿರಲಿಲ್ಲ.

ಖೋಲಿಗೆ ಒಂದೇ ಸಣ್ಣ ಕಿಟಕಿ. ಮುದುಕಿ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ತುಟಿ ಒಡೆದು ಹೋಗಿತ್ತು. 'ಅಜ್ಜೀ, ನಿನ್ನ ಸೊಸಿ ಬಂದಾಳ ನೋಡು' ಎಂದು ಕಮಲಾಬಾಯಿ ನನ್ನನ್ನು ಅವಳ ಪಕ್ಕಕ್ಕೆ ನೂಕಿದಳು. ನಾನು ಕುಳಿತೆ. ಮುದುಕಿ ನನ್ನ ಮುಂಗೈ ಮುಟ್ಟಿದಳು, ಮುಖದ ಮೇಲೆ ಕೈ ಆಡಿಸಿದಳು, ಆಮೇಲೆ ಕೊರಳಿಗೆ ಕೈ ಹಾಕಿ ನನ್ನ ಕರಡಿಗೆಯನ್ನು ಹಿಡಿದು ನೋಡಿದಳು. ಅಲ್ಲ ಅನ್ನು, ಅಲ್ಲ ಅನ್ನು ಎಂದು ಮನಸ್ಸಿನಲ್ಲೇ ಅವಳನ್ನು ಬೈಯುತ್ತಿದ್ದೆ.

'ಬಂದೇನ, ಸುಡುಗಾಡಿಗಿ ಹೋಗಾಕಿ' ಅಂದಳು. ನಮ್ಮ ಊರಿನ ಮಾತು, ನಮ್ಮ ಊರಿನ ಬೈಗುಳ. 'ನೀರು ಕೊಡು.'

ಹಿಂದೆ ನಿಂತಿದ್ದ ಬೀಗತಿ ಬೇಕಾದರೆ ಕೊಡಬಹುದಿತ್ತು, ಅವಳೂ ನಮ್ಮವಳೇ. ಆದರೆ ಅವಳ ಲಿಂಗ ಮಾಂಬಲಂನ ಗೂಡಿನಲ್ಲಿತ್ತು. ಅಲ್ಲಿ ಲಿಂಗ ಕಟ್ಟಿಕೊಂಡವಳು ನಾನೊಬ್ಬಳೇ. ನಾನು ಮುದುಕಿಯ ಸೊಸೆ ಅಲ್ಲ, ನಿಜ. ಆದರೆ ಬಾಯಾರಿದವಳು ಬಾಯಾರಿದವಳೇ. ಕೊಟ್ಟು, ಅಲ್ಲ ಎಂದು ಆಮೇಲೆ ಹೇಳಿದರಾಯಿತು ಎಂದು ಎದ್ದೆ.

ಎದ್ದವಳು ನೇರವಾಗಿ ಬಾಗಿಲ ಹಿಂದಕ್ಕೆ ಹೋದೆ. ತೆರೆದ ಬಾಗಿಲ ಮರೆಯಲ್ಲಿ, ಗೋಡೆಯ ಮೂಲೆಯಲ್ಲಿ, ಇಟ್ಟಿಗೆಯ ಮೇಲೆ ಕೊಡ ಇತ್ತು. ಅದರ ಮೇಲೆ ಬೋರಲು ಹಾಕಿದ ತಾಟು. ತಾಟಿನ ಕೆಳಗೆ ಕೈ ಹಾಕಿ, ಕೊಡದ ಬಾಯಲ್ಲಿ ಇಟ್ಟಿದ್ದ ತಂಬಿಗೆ ತೆಗೆದುಕೊಂಡು, ಬಗ್ಗಿ ನೀರು ತುಂಬಿದೆ. ಒಲೆ ಇದ್ದದ್ದು ಎದುರು ಮೂಲೆಯಲ್ಲಿ. ನೀರು ಎಲ್ಲಿದೆ ಎಂದು ಯಾರಾದರೂ ಹುಡುಕುವುದಾದರೆ ಆ ಕಡೆ ಹುಡುಕಬೇಕು. ನಾನು ಹುಡುಕಲಿಲ್ಲ. ತಂಬಿಗೆ ತುಂಬಿದ ಮೇಲೆಯೇ ನನಗೆ ಎಚ್ಚರವಾದದ್ದು.

'ನೋಡಿದ್ರೇನವಾ?' ಎಂದು ಕಮಲಾಬಾಯಿ ಬೀಗತಿಯನ್ನು ಕೇಳಿದಳು.

ನಾನು ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ನೀರು ಕುಡಿಸಿದೆ. ಗಂಟಲಲ್ಲಿ ನೀರು ಇಳಿಯುವುದು ಕೇಳಿಸುತ್ತಿತ್ತು. ತಂಬಿಗೆ ಖಾಲಿಯಾದ ಮೇಲೆ ಅವಳು ನನ್ನ ಕೈಯನ್ನು ದೂಡಿದಳು.

'ಸಾಕು. ಇನ್ನ ಹೋಗು. ಮತ್ತ ಬರಬ್ಯಾಡ.'

ಕಮಲಾಬಾಯಿ, 'ಅಂದ್ರ? ಹಂಗ ಬಿಡಾಕ ಬರ್ತದೇನ ಈಕೀನ?' ಎಂದು ಗದರಿದಳು. 'ಬಿಡು, ನನಗ ಬ್ಯಾಡ ಈಕಿ' ಎಂದು ಮುದುಕಿ ಗೋಡೆಗೆ ಮುಖ ಮಾಡಿದಳು. ಅದಕ್ಕೇ ನನ್ನನ್ನು ಬಿಟ್ಟರು. ನಾನು ಅಲ್ಲ ಎಂದು ಅಲ್ಲಿ ಯಾರೂ ನಂಬಿ ಬಿಟ್ಟದ್ದಲ್ಲ. ಇಳಿಯುವಾಗ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲನ್ನು ತಡವಿ ತಡವಿ ಇಳಿದೆ, ಬೇಕೆಂದೇ. ಬೀದಿಯಲ್ಲಿ ಬೈಗುಳ ನಮ್ಮ ಬೆನ್ನ ಹಿಂದೆಯೇ ಬಂತು. ಕರಡಿಗೆಯನ್ನು ತೆಗೆದುಕೊಂಡು ಆಟೋ ಹತ್ತಿದೆವು. ಬೀಗತಿ ಕಾಲು ಊರಲಾರದೆ ಇದ್ದದ್ದರಿಂದ ಮನೆಯ ತನಕ ಆಟೋದಲ್ಲೇ ಹೊರಟೆವು.

ಅರ್ಧ ದಾರಿಯವರೆಗೂ ಅವಳು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಆಮೇಲೆ ಹೊರಗೆ ನೋಡುತ್ತಲೇ, 'ನಾನು ಮನೇಲಿ ಯಾರ ಹತ್ರವೂ ಹೇಳಲ್ಲ. ಕೂಸಿನ ಮೇಲಾಣೆ. ನೀವು ಅಲ್ಲಿಗೆ ಯಾವಾಗ ಬಂದಿದ್ರಿ, ಅದೊಂದು ಹೇಳಿ' ಅಂದಳು.

'ಬಂದಿಲ್ರೀ. ನಿಮ್ಮಾಣೆ ಬಂದಿಲ್ಲ.'

'ಸರಿ. ಮೆಟ್ಟಿಲು, ಕೊಡ, ಅದೆಲ್ಲ ಸುಮ್ಮಾ ಹಾಗೇ ಆಯ್ತು ಅಂತ ಇಟ್ಕೊಳ್ಳೋಣ. ನೀರು ಕುಡಿಸ್ತಾ, ಅತ್ತೀ, ತಪ್ಪಾತು, ಬಾಯಿ ತಗೀರಿ ಅಂತ ಹೇಳಿದ್ರಲ್ಲ? ಅದು ಯಾಕೆ?'

ನಾನು ಏನೂ ಹೇಳಿರಲಿಲ್ಲ. ನೀರು ಕುಡಿಸುವಾಗ ತುಟಿ ಬಿಚ್ಚಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನನ್ನ ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡವರು. ಅತ್ತಿ ಎಂದು ಕರೆಯುವ ರೂಢಿಯೇ ನನ್ನ ಬಾಯಿಗೆ ಇರಲಿಲ್ಲ. ಅಷ್ಟನ್ನೂ ಬೀಗತಿಗೆ ಹೇಳಿದೆ. ಅವಳು ಹೂಂ ಅಂದಳು, ಅಷ್ಟೇ.

ಆಣೆಯನ್ನು ಅವಳು ಉಳಿಸಿಕೊಂಡಳು. ಅಳಿಯನಿಗಾಗಲಿ ಗಿರಿಜಾಳಿಗಾಗಲಿ ಇವತ್ತಿನವರೆಗೂ ಇದು ಗೊತ್ತಿರಲಿಲ್ಲ. ಕುಹಕದ ಮಾತೂ ಆವತ್ತಿಗೆ ನಿಂತಿತು. ಆದರೆ ಆ ಮನೆಯಲ್ಲಿ ನಾನು ನೀರಿಗೆ ಎಂದು ಎದ್ದರೆ ಸಾಕು, ಅವಳೇ ಓಡಿಬಂದು ತೆಗೆದು ಕೊಡುತ್ತಿದ್ದಳು. ನನ್ನ ಕೈಯನ್ನು ಕೊಡದ ಹತ್ತಿರ ಬಿಡುತ್ತಿರಲಿಲ್ಲ. ಗೌರವಕ್ಕೋ ಹೆದರಿಕೆಗೋ, ನಾನು ಕೇಳಲಿಲ್ಲ. ಸಾಯುವತನಕ ಹಾಗೆಯೇ ಮಾಡಿದಳು.

ಮೆಟ್ಟಿಲಿಗೆ ಒಂದು ಸಮಾಧಾನ ಹೇಳಿಕೊಂಡಿದ್ದೇನೆ, ಮುಂದೆ ಹೋದವಳ ಹೆಜ್ಜೆಯ ಸಪ್ಪಳ ಕೇಳಿ ಕಾಲು ದಾಟಿರಬೇಕು ಎಂದು. ಕೊಡಕ್ಕೂ ಏನೋ ಒಂದು ಹೇಳಿಕೊಳ್ಳಬಹುದು, ನಮ್ಮ ಕಡೆಯವರು ಕೆಲವರು ಬಾಗಿಲ ಹಿಂದೆ ನೀರು ಇಡುತ್ತಾರೆ. ಅತ್ತೀ, ತಪ್ಪಾತು ಎಂಬ ಆ ಒಂದು ಮಾತಿಗೆ ಮಾತ್ರ ಏನೂ ಸಿಗುತ್ತಿಲ್ಲ. ಶಾಂತಮ್ಮ ಜಗಳಗಂಟಿ, ಜಂಬದವಳು, ನನ್ನನ್ನು ಕಂಡರೆ ಆಗದವಳು. ಅವಳು ಸುಳ್ಳು ಹೇಳುವವಳೂ ಆಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.