ಸತುರ್ನೀನಾಜ್ಜಿಯ ಮಡಕೆ

ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ ಅಂದುಕೊಂಡ ಇಲಾರಿಯೋ. ಕೂತದ್ದು ಶಾಲು ಹೊದೆಸಿಟ್ಟಿದ್ದ ಸತುರ್ನೀನಾಜ್ಜಿಯ ಮಡಕೆಯ ಮೇಲೆ. ಎದ್ದು ನೋಡಿದರೆ ಮೂರು ಚೂರು. ಸರದಿಯಲ್ಲಿದ್ದ ಬಸುರಿಯರು ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಹುಟ್ಟುವಾಗಲೂ ನಿಂದು ಅಂಡೇ ಮೊದಲು ಬಂದಿದ್ದು ಮಗಾ," ಅಂದಳು ಅಜ್ಜಿ. "ಅದಕ್ಕಿನ್ನೂ ಬುದ್ಧಿ ಬಂದಿಲ್ಲ."

ಸುಳ್ಳಲ್ಲ. ಆ ಬೆಟ್ಟದ ಅರ್ಧ ಜನರನ್ನು ಹೊರಗೆ ತಂದ ಸೂಲಗಿತ್ತಿ ಅವಳು. ನಲವತ್ತೇಳು ವರ್ಷದ ಹಿಂದೆ ಅವನನ್ನೂ ಎಳೆದು, ಅವನ ಬೆನ್ನಿಗೇ ಬಿದ್ದ ಮಾಸನ್ನು ತೊಳೆದು ಅವರ ಮನೆಯ ಒಲೆಯ ಪಕ್ಕ ಹೂತಿದ್ದಳು. ರಾಜಧಾನಿ ಲೀಮಾಕ್ಕೆ ಹೋದವನು ಎರಡೇ ವರ್ಷಕ್ಕೆ ವಾಪಸ್ಸಾದದ್ದು ಅದರಿಂದಲೇ ಎಂದು ಅವಳ ವಾದ. ಅಲ್ಲಿ ಕೆಲಸ ಸಿಗಲಿಲ್ಲ ಎಂದು ಅವನು ಹೇಳಿದರೆ ಕೇಳುವವರಿಲ್ಲ.

ಬೆಟ್ಟದ ಬಾಣಂತಿಯರೂ ಕೂಸುಗಳೂ ಪಟ್ಟಣದವರಿಗಿಂತ ಹೆಚ್ಚು ಸಾಯುತ್ತಾರೆಂದು ಸರ್ಕಾರಕ್ಕೆ ತಡವಾಗಿ ಹೊಳೆದು, ಸ್ಪ್ಯಾನಿಷ್ ಮಾತಾಡುವ ಆಸ್ಪತ್ರೆಯಲ್ಲಿ ಬೆಟ್ಟದವರ ಕೆಚುವಾ ಬಲ್ಲ ದುಭಾಷಿಯೆಂದು ಅವನಿಗೆ ಹಸಿರು ಜಾಕೆಟ್ಟು ತೊಡಿಸಿತ್ತು. 'ಇಲ್ಲಿ ನಿಮ್ಮ ಪದ್ಧತಿಗೆ ಗೌರವವಿದೆ' ಎಂಬ ಗೋಡೆಯ ಬರಹ ಅವನದೇ ಅನುವಾದ.

ಅದನ್ನು ನಂಬಿಯೇ ಅವನು ಮೂರು ಸಲ ಬೆಟ್ಟ ಹತ್ತಿ, ಹೆರಿಗೆಗೆ ಆಸ್ಪತ್ರೆಗೇ ಬಾ ಎಂದು ಬಸುರಿ ಎರ್ಮೆಲಿಂಡಾಳ ಮುಂದೆ ಕೂತಿದ್ದ. ಅವಳ ಹಿಂದಿನ ಎರಡು ಹೆರಿಗೆಯೂ ಇಲ್ಲೇ ಆಗಿ, ಎರಡೂ ಮಾಸು ಕೆಂಪು ಚೀಲದಲ್ಲಿ ಕಸದ ಲಾರಿ ಹತ್ತಿದ್ದವು. ಎರಡು ಕೂಸೂ ತಿಂಗಳು ತುಂಬುವ ಮೊದಲೇ ಹೋದವು. ಮಾಸು ಮನೆ ಸೇರದ ಮಗು ಮನೆಯಲ್ಲಿ ನಿಲ್ಲುವುದಿಲ್ಲ, ನಾನು ಬರುವುದಿಲ್ಲ ಎಂದಿದ್ದಳು. ಈ ಸಲ ಮಾಸನ್ನು ಕೈಗೇ ಕೊಡಿಸುತ್ತೇನೆಂದು ಇಲಾರಿಯೋ ಮಾತು ಕೊಟ್ಟ. ಮಡಕೆ ಅದಕ್ಕೇ ಬಂದದ್ದು.

ಹನ್ನೊಂದಕ್ಕೆ ಹೆರಿಗೆಯಾಯಿತು. ಹೆಣ್ಣು, ಗಟ್ಟಿ ದನಿ. ಅಜ್ಜಿ ತಲೆಯ ಮೇಲಿನ ಟೋಪಿ ತೆಗೆದು, ಒಳಗೆ ಸೊಪ್ಪು ಹಾಸಿ, ಬಾಗಿಲಲ್ಲಿ ನಿಂತಳು.

ಕೊಡುತ್ತೇವೆ, ಅರ್ಜಿ ಎಲ್ಲಿ ಎಂದಳು ನರ್ಸು. ಅರ್ಜಿಗೆ ತಾಯಿ ನೋವು ಶುರುವಾಗುವ ಮೊದಲೇ ಸಹಿ ಹಾಕಿರಬೇಕಂತೆ. ಇಲಾರಿಯೋ ವೈದ್ಯರ ಹತ್ತಿರ ಓಡಿದ. ತನ್ನದೇನೂ ಅಡ್ಡಿಯಿಲ್ಲ, ನಿಯಮ ನರ್ಸಿಗೆ ಗೊತ್ತು ಎಂದರು ಅವರು. ನರ್ಸು ಗುಮಾಸ್ತನನ್ನು ತೋರಿಸಿದಳು. ಗುಮಾಸ್ತ ಗೋಡೆಯ ಬರಹ ತೋರಿಸಿ, ನಿಮಗೆ ಗೌರವವಂತೂ ಇದೆಯಲ್ಲ ಎಂದ. ಇಷ್ಟರಲ್ಲಿ ಗುರುವಾರದ ಲಾರಿ ಬಂದು ಕೆಂಪು ಚೀಲಗಳನ್ನೆಲ್ಲ ಎತ್ತಿಕೊಂಡು ಹೋಯಿತು.

ಒಳಗಿನಿಂದ ಎರ್ಮೆಲಿಂಡಾ, ಸಿಕ್ಕಿತೇ ಎಂದು ಎರಡು ಸಲ ಕೇಳಿದಳು. ಒಂದೊಂದು ಮಾತನ್ನೂ ಅನುವಾದಿಸುವ ಸಂಬಳದವನು ಇಲಾರಿಯೋ, ಬಗ್ಗಿ ಮಡಕೆಯ ಚೂರು ಆಯತೊಡಗಿದ. ಅಜ್ಜಿಯೇ ಒಳಗೆ ಹೋಗಿ ಹೇಳಿ ಬಂದಳು.

ಮಧ್ಯಾಹ್ನ ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಪ್ರಶ್ನೆಪಟ್ಟಿ ಹಿಡಿದು ಬಂದು, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಜ್ಜಿಯನ್ನೇ ಆರಿಸಿಕೊಂಡಳು. ಇಲಾರಿಯೋ ನೆಲ ನೋಡುತ್ತ ಪ್ರಶ್ನೆಯನ್ನು ಕೆಚುವಾಕ್ಕೆ ತಿರುಗಿಸಿದ: ಇಂದು ನಿಮ್ಮ ಸ್ವಂತ ಭಾಷೆಯಲ್ಲಿ ಸೇವೆ ಸಿಕ್ಕಿತೇ?

ಅಜ್ಜಿ ಟೋಪಿಯೊಳಗಿನ ಸೊಪ್ಪು ಕೊಡವಿ, ಟೋಪಿಯನ್ನು ತಲೆಗೆ ಹಾಕಿಕೊಂಡಳು.

"ಸಿಕ್ತು ಅಂತ ಬರ್ಕೊಳ್ಳಮ್ಮ. ಹೋದ ಸಲ 'ಇಲ್ಲ' ಅನ್ನೋದನ್ನ ಸ್ಪ್ಯಾನಿಷಲ್ಲಿ ಹೇಳಿದ್ರು."