ಗಟ್ಟಿ ಜಾಗಕ್ಕೆ ಬಡಿದ ಕೋಲು

ಸರಕಾರಿ ಕಟ್ಟಡಗಳ ವಿಭಾಗದಲ್ಲಿ ಇಂಜಿನಿಯರನಾಗಿದ್ದಷ್ಟು ಕಾಲ ಶರಣಬಸಪ್ಪನ ಬಿದಿರುಕೋಲಿಗೆ ಗುತ್ತಿಗೆದಾರರು ಹೆದರುತ್ತಿದ್ದರು. ಹೊಸ ಪ್ಲಾಸ್ಟರಿಗೆ ಕೋಲಿನಿಂದ ಬಡಿಯುವನು. ಪೊಳ್ಳು ಸದ್ದು ಬಂದರೆ ನಿಂತಲ್ಲೇ ಕೆಡವಿಸುವನು. ನಿವೃತ್ತನಾಗಿ ಮಲಾಡಿನ ಮನೆಯಲ್ಲಿ ಕೂತ ಮೇಲೆ ಹೆಂಡತಿ ಶಿವಕುಮಾರಿ ತರಕಾರಿಗೆ ಅಟ್ಟತೊಡಗಿದಳು. ಯಾರೂ ‘ಸಾಹೇಬ’ ಅನ್ನಲಿಲ್ಲ. ಅದನ್ನು ತಾಳಲಾರದೆ ಗುತ್ತಿಗೆದಾರ ಶಿವಪುತ್ರನ ಅಂಧೇರಿ ಆಫೀಸಿನಲ್ಲಿ ಸಲಹೆಗಾರನಾದ. ತಾನೇ ತಪಾಸಣೆ ಮಾಡಿದ ಗುತ್ತಿಗೆದಾರನ ಬಳಿ ನಿವೃತ್ತಿಯ ನಂತರ ಇಂತಿಷ್ಟು ಕಾಲ ಅನುಮತಿಯಿಲ್ಲದೆ ದುಡಿಯಬಾರದೆಂಬ ನಿಯಮವಿತ್ತು. ಅನುಮತಿಯ ಮಾತು ಶಿವಪುತ್ರ ಕೇಳಲಿಲ್ಲ, ಇವನು ಹೇಳಲಿಲ್ಲ.

ವಿಲೆ ಪಾರ್ಲೆಯ ಸರಕಾರಿ ಕ್ವಾರ್ಟರ್ಸಿನ ಛತ್ತಿಗೆ, ಅಂದರೆ ತಾರಸಿಯ ಒಳಮೈಗೆ, ಶಿವಪುತ್ರ ಪ್ಲಾಸ್ಟರ್ ಮಾಡಿಸಿದ್ದ. ತಪಾಸಣೆಗೆ ಬಂದವಳು ಸೇವಂತಿ, ಶರಣಬಸಪ್ಪನ ಕೈಕೆಳಗೆ ಕೆಲಸ ಕಲಿತವಳು. ಮೊದಲ ಏಟು ಹಿರಿಯರದು ಎಂಬುದು ಆ ವಿಭಾಗದ ರೂಢಿ. ಶಿವಪುತ್ರನ ಜೊತೆ ಶರಣಬಸಪ್ಪನೂ ಬಂದಿದ್ದ. ಅವನು ಈಗ ಯಾರ ಕೆಲಸದವನೆಂದು ತಿಳಿಯದೆ, ನಿವೃತ್ತನೆಂಬುದನ್ನೂ ಮರೆತು ಅವಳು ಕೋಲು ಅವನ ಕೈಗಿತ್ತಳು.

“ನೀವ ಬಡೀರಿ ಸರ್. ನೀವು ಓಕೆ ಅಂದ್ರ ಮತ್ತ ನಾ ಕ್ಯಾ ನೋಡೋದು?”

ಛತ್ತಿನ ನಡುವೆ ತಿರುಗುವ ಪಂಖೆಯ ಸುತ್ತ ಪ್ಲಾಸ್ಟರ್ ಕಚ್ಚಿಲ್ಲವೆಂದು ಶರಣಬಸಪ್ಪನಿಗೆ ಗೊತ್ತಿತ್ತು. ಹಿಂದಿನ ದಿನವೇ ಬಡಿದು ನೋಡಿ ಶಿವಪುತ್ರನಿಗೆ ಹೇಳಿದ್ದ. ಈಗ ತೊಲೆಯ ಪಕ್ಕದ ಗಟ್ಟಿ ಜಾಗ ಹುಡುಕಿ ಬಡಿದ. ಸದ್ದು ಚೊಕ್ಕವಾಗಿ ಬಂತು. ಸೇವಂತಿ ಸಹಿಗೆ ಪೆನ್ನು ತೆಗೆದಳು.

ಆ ಮನೆಯವಳು ಸೋಮವ್ವ, ಸರಕಾರಿ ಆಫೀಸಿನ ಕಸ ಗುಡಿಸುವವಳು. ಮೊಮ್ಮಗಳ ತೊಟ್ಟಿಲನ್ನು ಬಾಗಿಲ ಹೊರಗೆ ಇಟ್ಟಿದ್ದಳು. ಅದನ್ನು ಎಳೆದು ತಂದು ಪಂಖೆಯ ಕೆಳಗೇ ನಿಲ್ಲಿಸಿದಳು.

“ಸಾಹೇಬ್ರ ಕೋಲ ಮುಟ್ಟೇತಲ್ಲ, ಇನ್ನ ಅಂಜಿಕಿಲ್ಲ ಬಿಡ್ರಿ,” ಎಂದಳು.

ಶರಣಬಸಪ್ಪನ ಕಿವಿ ಬಿಸಿಯಾಯಿತು. ಅಂಥ ನಂಬಿಕೆಯನ್ನೇ ಮಾರಲು ಹೊರಟಿದ್ದ ಆಸಾಮಿ ಅವನು. ತಾನೇ ತೊಟ್ಟಿಲು ಸರಿಸಿ ಪಂಖೆಯ ಬುಡಕ್ಕೆ ಕೋಲು ಬಡಿದ. ಬದ್ ಎಂದು ಪೊಳ್ಳು ಸದ್ದು ಬಂತು. ಇನ್ನೊಂದು ಏಟಿಗೆ ತೊಟ್ಟಿಲಿದ್ದ ಜಾಗಕ್ಕೆ ಪ್ಲಾಸ್ಟರಿನ ಹೆಕ್ಕಳಿಕೆ ಉದುರಿತು.

“ನಿಮ್ಮನ್ನ ಇಟಗೊಂಡಿದ್ದು ಇದಕ್ಕೇನ್ರಿ ಸಾಹೇಬ್ರ?” ಶಿವಪುತ್ರ ಮೆಲ್ಲಗೆ ಕೇಳಿದ.

“ಸೇವಂತಿ, ನಾ ಇವನ ಪಗಾರ ತಿಂತೀನಿ,” ಎಂದ ಶರಣಬಸಪ್ಪ. “ನನಗ ಗೊತ್ತಿತ್ತು. ಗೊತ್ತಿದ್ದೂ ಗಟ್ಟಿ ಕಡೆ ಬಡದೆ.”

ಸೇವಂತಿ ಈ ಸಲ ಸರ್ ಎನ್ನಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿ, ಕೋಲು ಇಸಿದುಕೊಂಡು ಮೂಲೆಯಿಂದ ಶುರುಮಾಡಿದಳು. ಅವನು ಬಡಿದಿದ್ದ ಗಟ್ಟಿ ಜಾಗವನ್ನೂ ಬಿಡಲಿಲ್ಲ. ಅಲ್ಲಿ ಎರಡು ಸಲ ಬಡಿದಳು.